ಹಗೇವಿಗೆ ಇಳಿಬಿಟ್ಟ ದೀಪ

ಹೆಣ ಕೊಯ್ಯುವ ಕೆಲಸದಲ್ಲೂ ಖುಷಿ ಇರುತ್ತದೆ ಎಂದರೆ ಜನ ನನ್ನ ಮುಖವನ್ನೇ ನೋಡುತ್ತಾರೆ. ಈ ಮಾತನ್ನು ಮದುವೆ ಮನೆಗಳಲ್ಲಾದರೂ ಆಡಬೇಡ ಎಂದು ನಮ್ಮ ಯಜಮಾನರು ಎಷ್ಟೋ ಸಲ ಕೈ ಮುಗಿದು ಕೇಳಿಕೊಂಡಿದ್ದಾರೆ. ಆದರೆ ಇರುವುದನ್ನು ಇಲ್ಲ ಎನ್ನಲಾರೆ. ಯಾರೋ ಸತ್ತದ್ದಕ್ಕೆ ಖುಷಿಪಡುವ ಪಾಪಿ ನಾನಲ್ಲ. ಎಲ್ಲರೂ ಒಂದು ಸುಳ್ಳನ್ನು ನಿಜವೆಂದು ಒಪ್ಪಿಕೊಂಡು ಆರಾಮಾಗಿ ಕೂತಿರುವಾಗ, ಮೇಜಿನ ಮೇಲೆ ಮಲಗಿದ ದೇಹ ನನಗೊಬ್ಬಳಿಗೇ 'ಅಲ್ಲ, ಹಾಗಲ್ಲ' ಎಂದು ಹೇಳತೊಡಗುತ್ತದಲ್ಲ, ಆಗ ನನ್ನ ಎದೆ ಹೊಡೆದುಕೊಳ್ಳುವ ರೀತಿಯೇ ಬೇರೆ. ತೊಂಬತ್ತರ ದಶಕದ ಕೊನೆಯಲ್ಲಿ, ಬೇಲೂರಿನಲ್ಲಿ ಸರ್ಕಾರಿ ಡಾಕ್ಟರಾಗಿದ್ದಾಗ, ಒಂದು ಶ್ರಾವಣದಲ್ಲಿ ಅದು ಹೊಡೆದುಕೊಂಡಷ್ಟು ಮತ್ತೆಂದೂ ಹೊಡೆದುಕೊಂಡಿಲ್ಲ.

ಆಗ ಹಳ್ಳಿ ಹಳ್ಳಿಗೂ ಟೆಲಿಫೋನು ಬರುತ್ತಿದ್ದ ಕಾಲ. ಹಗರೆಯಿಂದ ಹಳೇಬೀಡಿನ ಕಡೆಗೆ ರಸ್ತೆ ಪಕ್ಕದಲ್ಲಿ ಕೇಬಲ್ಲು ಹೂಳುವುದಕ್ಕೆ ಉದ್ದಕ್ಕೂ ಗುಂಡಿ ತೋಡುತ್ತಿದ್ದರು. ತೋಡುವವರು ರಾಯಚೂರು ಕಡೆಯವರು. ಗಂಡಸರು, ಹೆಂಗಸರು, ಅವರನ್ನು ಕರೆತಂದ ಒಬ್ಬ ಮೇಸ್ತ್ರಿ. ಬಸ್ತಿಹಳ್ಳಿಯ ಆಚೆ ರೈತರೊಬ್ಬರ ಪಾಳುಬಿದ್ದ ಕಣದಲ್ಲಿ ಟಾರ್ಪಾಲು ಕಟ್ಟಿಕೊಂಡು ಇದ್ದರು. ಹೀಗೆ ದೂರದಿಂದ ದುಡಿಯಲು ಬಂದವರು ಸತ್ತರೆ ಹೆಚ್ಚು ವಿಚಾರಿಸುವವರಿಲ್ಲ. ಕುಡಿದಿದ್ದ ಎನ್ನುತ್ತಾರೆ, ಇಲ್ಲವೇ ಹಾವು ಕಚ್ಚಿತು ಎನ್ನುತ್ತಾರೆ, ಹೆಣ ಕೊಟ್ಟು ಲಾರಿ ಹತ್ತಿಸುತ್ತಾರೆ. ಅದನ್ನು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ನಮ್ಮೂರಿನ ಗೌಡರ ಎಮ್ಮೆ ಸತ್ತರೂ ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತಾರೆ ಎಂದು ಒಂದು ಸಲ ಎಲ್ಲರೆದುರು ಕೂಗಾಡಿದ್ದೆ.

ಆ ಬೆಳಗ್ಗೆ ಬಂದದ್ದು ಎರಡು ದೇಹ. ಅಣ್ಣ ತಮ್ಮಂದಿರು. ಅಣ್ಣನಿಗೆ ಮೂವತ್ತರ ಹತ್ತಿರ, ತಮ್ಮನಿಗೆ ಮೀಸೆ ಈಗಷ್ಟೇ ದಟ್ಟವಾಗುತ್ತಿತ್ತು. ಜೊತೆಗೆ ಬಂದ ಸಬ್ ಇನ್ಸ್‌ಪೆಕ್ಟರ್ ಕೆಟ್ಟ ಮನುಷ್ಯರಲ್ಲ, ಆದರೆ ಅವರ ಬಳಿ ಕಥೆ ಆಗಲೇ ಸಿದ್ಧವಾಗಿತ್ತು.

"ಸಾಯಂಕಾಲ ಊಟ ಮಾಡಿ ಮಲಗಿದೋರು ಏಳ್ಲೇ ಇಲ್ಲ ಮೇಡಂ. ಅಣ್ಣನ ಹೆಂಡ್ತಿ ಅಡುಗೆ ಮಾಡಿಟ್ಟು, ಅತ್ತೆ ಜೊತೆ ಹಳೇಬೀಡು ಸಂತೆಗೆ ಹೋಗಿದ್ಲು. ವಾಪಸ್ ಬಂದಾಗ ಇಬ್ರೂ ಕಂಬಳಿ ಹೊದ್ದು ತಣ್ಣಗಾಗಿದ್ರು. ಸೊಸೆನೇ ವಿಷ ಹಾಕಿದ್ದು ಅಂತ ಅತ್ತೆ ದೂರು ಕೊಟ್ಟಿದಾಳೆ."

"ಯಾಕೆ ಹಾಕ್ತಾಳಂತೆ?"

"ಪಂಚಮಿಗೆ ತೌರಿಗೆ ಕಳಿಸ್ಲಿಲ್ಲ ಅಂತ ಗಂಡನ ಜೊತೆ ಜಗಳ. ನಿಮ್ಮ ಬಾಯಿಗೆ ಮಣ್ಣು ಬೀಳ್ಲಿ ಅಂತ ಬೈದಿದ್ಲಂತೆ, ಇಡೀ ಕ್ಯಾಂಪು ಕೇಳಿದೆ. ಈಗ ಸ್ಟೇಷನ್ನಲ್ಲಿ ಕೂತಿದಾಳೆ. ನಾಳೆ ಬೆಳಗ್ಗೆ ಕೋರ್ಟಿಗೆ ಹಾಜರು ಮಾಡ್ಬೇಕು."

ಪಂಚಮಿಗೆ ತೌರಿಗೆ ಕಳಿಸದಿದ್ದರೆ ಆ ಕಡೆಯ ಹೆಣ್ಣುಮಕ್ಕಳಿಗೆ ಎಷ್ಟು ಸಂಕಟ ಎಂಬುದು ನನಗೆ ಹಾಸ್ಟೆಲಿನ ಗೆಳತಿಯರಿಂದ ಗೊತ್ತಿತ್ತು. ಆದರೆ ಅದಕ್ಕೆ ಮೈದುನನಿಗೂ ಸೇರಿಸಿ ವಿಷ ಹಾಕುವುದೇ? ಹೊರಗೆ ಗೋಣಿಮರದ ಕೆಳಗೆ ಮುದುಕಿ ಕೂತಿದ್ದಳು. ಇಬ್ಬರೂ ಮಕ್ಕಳನ್ನು ಒಂದೇ ಸಲ ಕಳೆದುಕೊಂಡವಳು. ಆಯಾ ತಂದುಕೊಟ್ಟ ಕಾಫಿ ಅವಳ ಪಕ್ಕದಲ್ಲೇ ಆರುತ್ತಿತ್ತು. ಕೊಟ್ಟದ್ದನ್ನೆಲ್ಲ ಹಾಗೇ ಇಡುತ್ತಿದ್ದಾಳೆ, ನಿನ್ನೆಯಿಂದ ಯಾರ ಕೈಯಲ್ಲೂ ಏನೂ ಮುಟ್ಟಿಲ್ಲ ಎಂದರು. ಅವಳ ಕಣ್ಣಲ್ಲಿ ಲೋಕವೆಲ್ಲ ವಿಷ.

ಕೆಲಸ ಶುರು ಮಾಡಿದೆ. ಮೊದಲು ಮೂಗು. ಹೊಲಕ್ಕೆ ಹೊಡೆಯುವ ಔಷಧಿ ಕುಡಿದವರನ್ನು ನೋಡಿ ನೋಡಿ ಸಾಕಾಗಿತ್ತು ನನಗೆ, ಆ ನಾತ ಬಾಗಿಲಲ್ಲೇ ಎದುರುಗೊಳ್ಳುತ್ತದೆ. ಇಲ್ಲಿ ಆ ನಾತವಿಲ್ಲ. ಕಣ್ಣಿನ ಪಾಪೆ ಕಿರಿದಾಗಿಲ್ಲ, ಬಾಯಲ್ಲಿ ನೊರೆಯಿಲ್ಲ. ಉಗುರು ಮಾತ್ರ ನೀಲಿ, ತುಟಿ ನೀಲಿ. ಒಳಗೆ ಶ್ವಾಸಕೋಶದಲ್ಲಿ ರಕ್ತ ತುಂಬಿ ಕಪ್ಪಿಟ್ಟಿತ್ತು. ಉಸಿರು ಸಿಗದೆ ಸತ್ತವರ ಮೈ ಹೀಗಿರುತ್ತದೆ. ಆದರೆ ಕುತ್ತಿಗೆ ಹಿಸುಕಿದ ಗುರುತಿಲ್ಲ, ಬಾಯಿ ಮೂಗು ಒತ್ತಿ ಹಿಡಿದ ಗುರುತಿಲ್ಲ. ಇಬ್ಬರು ಗಟ್ಟಿಮುಟ್ಟಾದ ಗಂಡಸರು ಒಂದೇ ಸಂಜೆ ಗಾಳಿಯ ನಡುವೆ ಮಲಗಿಕೊಂಡು ಉಸಿರಿಲ್ಲದೆ ಸತ್ತರೇ?

ಹೊಟ್ಟೆ ತೆರೆದೆ. ಖಾಲಿ. ತಮ್ಮನದೂ ಖಾಲಿ.

ಕೈಗವಸು ಹಾಕಿಕೊಂಡೇ ಹೊರಗೆ ಓಡಿ ಬಂದೆ. "ಊಟ ಮಾಡಿ ಮಲಗಿದ್ರು ಅಂತ ಯಾರು ಹೇಳಿದ್ದು?"

"ಮೇಸ್ತ್ರಿ ಹೇಳ್ದ. ಬೇರೆ ಆಳುಗಳೂ ಹಂಗೇ ಅಂದ್ರು."

"ಸುಳ್ಳು ಹೇಳಿದಾರೆ. ಇವರಿಬ್ರ ಹೊಟ್ಟೇಲಿ ಒಂದಗುಳೂ ಇಲ್ಲ."

ಸಬ್ ಇನ್ಸ್‌ಪೆಕ್ಟರ್ ಗಡ್ಡ ಕೆರೆದುಕೊಂಡರು. "ಹಂಗಾದ್ರೆ ಚಹಾದಲ್ಲಿ ಹಾಕಿರ್ಬೋದು ಮೇಡಂ. ನೀರಲ್ಲಿ ಹಾಕಿರ್ಬೋದು. ಸತ್ತಿದ್ದು ಯಾತಕ್ಕೆ ಅಂತ ಹೇಳಿ, ಈಗ್ಲೇ ಬಿಟ್ಟುಬಿಡ್ತೀನಿ. ಅದು ಹೇಳಕ್ಕಾಗಲ್ಲ ಅಂದ್ರೆ ನಾನೇನ್ ಮಾಡ್ಲಿ?"

ಅವರ ಮಾತು ಸರಿಯೇ. ಒಳಾಂಗದ ತುಣುಕುಗಳನ್ನು ಬಾಟಲಿಗೆ ಹಾಕಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಬಹುದು. ಉತ್ತರ ಬರುವ ಹೊತ್ತಿಗೆ ದೀಪಾವಳಿಯೂ ಕಳೆದು ಸಂಕ್ರಾಂತಿ ಬಂದಿರುತ್ತದೆ. ಅಲ್ಲಿಯವರೆಗೆ ಆ ಹೆಂಗಸು ಹಾಸನದ ಜೈಲಿನಲ್ಲಿ. ಬಿಡಿಸಲು ಬರುವ ಗಂಡನಿಲ್ಲ, ಮೈದುನನಿಲ್ಲ, ಇರುವ ಅತ್ತೆಯೇ ದೂರು ಕೊಟ್ಟವಳು. ಆಮೇಲೆ ವಿಷ ಸಿಕ್ಕಿಲ್ಲ ಎಂದು ಕಾಗದ ಬಂದರೂ, ಗಂಡನನ್ನು ಕೊಂದವಳು ಎಂಬ ಹೆಸರು ಅವಳಿಗಿಂತ ಮೊದಲೇ ಊರು ಮುಟ್ಟಿರುತ್ತದೆ. ನನಗೆ ಸಂಜೆಯೊಳಗೆ ಕಾರಣ ಬೇಕಿತ್ತು. ಮತ್ತೆ ಒಳಗೆ ಹೋದೆ.

ಈ ಸಲ ಮೈಯೆಲ್ಲ ಕಣ್ಣಾಗಿ ನೋಡಿದೆ. ತಮ್ಮನ ಎರಡೂ ಭುಜ ತರಚಿದ್ದವು, ಕಿರಿದಾದ ಜಾಗದಲ್ಲಿ ನುಸುಳಿದವನಂತೆ. ಇಬ್ಬರ ಕಂಕುಳ ಕೆಳಗೂ ಎದೆಯನ್ನು ಸುತ್ತಿಕೊಂಡು ಒಂದು ಗೀರು, ಹಗ್ಗದ ಹುರಿಯ ಅಚ್ಚು. ಗೀರಿನ ಕೆಳಗೆ ರಕ್ತ ಕಟ್ಟಿರಲಿಲ್ಲ. ಜೀವ ಇದ್ದಾಗ ಹಗ್ಗ ಒತ್ತಿದ್ದರೆ ಕಟ್ಟಿರುತ್ತಿತ್ತು. ಅಂದರೆ ಸತ್ತ ಮೇಲೆ ಇವರನ್ನು ಹಗ್ಗ ಹಾಕಿ ಎಳೆದಿದ್ದಾರೆ! ಎಲ್ಲಿಂದ? ಬಾವಿಯಿಂದಲೇ? ಬಾವಿಯಾದರೆ ಶ್ವಾಸಕೋಶದಲ್ಲಿ ನೀರಿರಬೇಕಿತ್ತು.

ಅಣ್ಣನ ತಲೆಗೂದಲನ್ನು ಬೆರಳಿಂದ ಬಿಡಿಸಿದೆ. ಮಣ್ಣಿನ ಜೊತೆ ಏನೋ ಸಣ್ಣ ಸಣ್ಣ ಕರಿ ಕಾಳು ಉದುರಿತು. ಕಿವಿಯೊಳಗೂ ಇತ್ತು, ಉಡಿದಾರದ ಗಂಟಿನಲ್ಲೂ ಇತ್ತು. ಅಂಗೈ ಮೇಲೆ ಹಾಕಿಕೊಂಡು ಉಜ್ಜಿದೆ. ರಾಗಿ. ಬೂಷ್ಟು ಹಿಡಿದು ಕಪ್ಪಾದ ರಾಗಿ. ಜೋಳದ ರೊಟ್ಟಿ ತಿನ್ನುವ ಜನರ ಮೈಮೇಲೆ ರಾಗಿ ಎಲ್ಲಿಂದ ಬಂತು ಎಂದುಕೊಳ್ಳುತ್ತಲೇ ಮೂಗಿನ ಹತ್ತಿರ ಹಿಡಿದೆ.

ಆ ವಾಸನೆ! ಬೂಷ್ಟು, ಮಣ್ಣು, ಸ್ವಲ್ಪ ಹುಳಿ. ಹಾರನಹಳ್ಳಿಯ ಅಜ್ಜಿ ಮನೆಯಲ್ಲಿ ಹಗೇವಿನಿಂದ ತೆಗೆದ ರಾಗಿಯಲ್ಲಿ ಮುದ್ದೆ ಮಾಡಿದ ದಿನ ನಾನು ಇದೇ ವಾಸನೆಗೆ ಮೂಗು ಮುಚ್ಚಿಕೊಂಡು ಬೈಸಿಕೊಳ್ಳುತ್ತಿದ್ದೆ. ನೆಲದೊಳಗೆ ಆಳವಾಗಿ ತೋಡಿದ ರಾಗಿ ಕಣಜ ಅದು. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಗುಡಾಣದಂತೆ ಅಗಲ. ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಎಳೆದರೆ ಅಲ್ಲೊಂದು ಹಗೇವು ಇದೆ ಎಂದು ಮೇಲೆ ನಡೆದಾಡುವವರಿಗೂ ಗೊತ್ತಾಗುವುದಿಲ್ಲ. ತೆಗೆಯುವ ದಿನ ಅಜ್ಜಿ ಮಕ್ಕಳನ್ನೆಲ್ಲ ಜಗುಲಿಯ ಮೇಲೆ ಕೂಡಿಹಾಕುತ್ತಿದ್ದಳು. ಚಪ್ಪಡಿ ಸರಿಸಿ ಗಂಟೆಗಟ್ಟಲೆ ಬಿಡುತ್ತಿದ್ದರು. ಸೊಪ್ಪಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ, ಕಡೆಗೆ ದೀಪ ಇಳಿಬಿಡುತ್ತಿದ್ದರು. ದೀಪ ಉರಿದರೆ ಆಳು ಇಳಿಯಬೇಕು, ಆರಿದರೆ ಕಾಯಬೇಕು. ಮುಚ್ಚಿದ ಕಾಳು ಒಳಗಿನ ಒಳ್ಳೆ ಗಾಳಿಯನ್ನೆಲ್ಲ ತಿಂದು ಕೆಟ್ಟ ಗಾಳಿ ತುಂಬಿಡುತ್ತದೆ, ಅದು ಭಾರ, ತಳದಲ್ಲೇ ಕೂತಿರುತ್ತದೆ ಎಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ.

"ಜೀಪು ತೆಗೀರಿ!" ಎಂದು ಕೂಗಿದೆ. "ಸ್ಟೇಷನ್ನಿಗೆ ಹೋಗಿ ಆ ಹೆಂಗಸನ್ನೂ ಹತ್ತಿಸ್ಕೊಳ್ಳಿ. ಅತ್ತೇನೂ ಬರ್ಲಿ. ನಿಮಗೆ ಕಾರಣ ತಾನೇ ಬೇಕಾಗಿರೋದು? ತೋರಿಸ್ತೀನಿ ನಡೀರಿ."

"ಏನ್ ಮೇಡಂ, ನೀವು ಸ್ಪಾಟಿಗೆ ಬರ್ತೀರಾ?"

"ಬರ್ದೆ ಇರ್ತೀನಾ?"

ದಾರಿಯುದ್ದಕ್ಕೂ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಹಿಳಾ ಪೇದೆಯ ಆಚೆ ಅತ್ತೆ, ಈಚೆ ಸೊಸೆ. ಸೊಸೆ ಇನ್ನೂ ಎಳೆಯವಳು, ಅತ್ತ ಗುರುತೂ ಇರಲಿಲ್ಲ ಮುಖದಲ್ಲಿ. ಕೇಳಿದರೂ ಕೇಳದಿದ್ದರೂ ಒಂದೇ ಮಾತು: "ನಾ ಏನೂ ಹಾಕಿಲ್ರಿ ಬಾಯಾರ. ರೊಟ್ಟಿ ಬಡಿದು, ಬ್ಯಾಳಿ ಮಾಡಿಟ್ಟು ಸಂತಿಗಿ ಹೋಗಿದ್ನಿ." ಮುದುಕಿ ಪ್ರತಿಸಲವೂ ಮುಖವನ್ನು ರಸ್ತೆಯ ಕಡೆಗೆ ತಿರುಗಿಸುತ್ತಿದ್ದಳು. ಮಾಡಿಟ್ಟ ಅಡುಗೆ ಏನಾಯಿತು ಎಂದು ಕೇಳಿದೆ. ಗಡಿಗೆ ಸಮೇತ ತಿಪ್ಪೆಗೆ ಎಸೆದೆ ಎಂದಳು ಮುದುಕಿ. ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು.

ಕಣದಲ್ಲಿ ಮೇಸ್ತ್ರಿ ಕೈ ಕಟ್ಟಿ ನಿಂತ. ಆಳುಗಳು ಅವನ ಹಿಂದೆ ತಲೆ ತಗ್ಗಿಸಿ ನಿಂತರು. ಜಮೀನಿನ ಯಜಮಾನರಿಗೆ ಹೇಳಿಕಳಿಸಿದ್ದಕ್ಕೆ ಛತ್ರಿ ಹಿಡಿದು ಬಂದರು, ವಯಸ್ಸಾದವರು, ಬಿಳಿ ಪಂಚೆ.

"ಇಲ್ಲಿ ಹಗೇವು ಎಲ್ಲಿದೆ ಯಜಮಾನ್ರೇ?" ಎಂದೆ.

"ಹಗೇವಾ? ನಮ್ಮ ತಾತನ ಕಾಲ್ದಲ್ಲೇ ಮುಚ್ಚೋಯ್ತು ಕಣವ್ವ. ಎಲ್ಲೈತೋ ಏನೋ, ನಂಗೇನ್ ಗೊತ್ತು."

ಗೊತ್ತಿಲ್ಲದೆ ಏನು! ಹಗೇವಿನ ಜಾಗ ಹೊರಗಿನವರಿಗೆ ಹೇಳಬಾರದು ಎನ್ನುವುದು ನಮ್ಮ ಸೀಮೆಯ ರೈತರ ಮೂಳೆಯಲ್ಲೇ ಇದೆ. ಕಳ್ಳರ ಭಯ, ಸರ್ಕಾರಕ್ಕೆ ಕಾಳು ವಸೂಲಿ ಮಾಡುವ ಲೆವಿಯವರ ಭಯ. ನಮ್ಮ ಅಜ್ಜಿ ತನ್ನ ಸೊಸೆಯಂದಿರಿಗೂ ಎರಡು ಬಾಣಂತನ ಆಗುವವರೆಗೆ ತೋರಿಸಿರಲಿಲ್ಲ. ಈಗ ಅಲ್ಲಿ ಕದಿಯುವಂಥದ್ದು ಏನೂ ಉಳಿದಿಲ್ಲ, ಆದರೂ ಬಾಯಿ ತೆರೆಯರು. ಹಾಗೆಂದೇ ಅದರ ಮೇಲೆ ಮನೆ ಮಾಡಿಕೊಂಡ ಪರದೇಶಿಗಳಿಗೂ ಯಾರೂ ಒಂದು ಮಾತು ಹೇಳಿರಲಿಲ್ಲ.

ನಾನೇ ಹುಡುಕಿದೆ. ಜಿಟಿಜಿಟಿ ಮಳೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕಣವನ್ನೆಲ್ಲ ಸುತ್ತಿದೆ. ಪೇದೆಗಳು ಮುಸಿಮುಸಿ ನಗುತ್ತಿದ್ದರು, ನಗಲಿ. ಒಂದು ಗುಡಿಸಲಿನ ಹಿಂದೆ, ಬಯಲಿನಲ್ಲೇ, ಗುದ್ದಲಿ ಪಿಕಾಸಿ ಬುಟ್ಟಿಗಳ ರಾಶಿ ಬಿದ್ದಿತ್ತು. ದಿನದ ಅನ್ನ ದುಡಿಯುವ ಸಾಮಾನನ್ನು ಮಳೆಯಲ್ಲಿ ನೆನೆಯಲು ಯಾರು ಹಾಕುತ್ತಾರೆ? ಪಕ್ಕದಲ್ಲೇ ಒಣಗಿದ ಗುಡಿಸಲು ಇದೆಯಲ್ಲ? ರಾಶಿಯನ್ನು ತೆಗೆಸಿದೆ. ಒಂದು ಹಾರೆ ಕಸಿದುಕೊಂಡು ನೆಲಕ್ಕೆ ಕುಟ್ಟಿದೆ. ದಢ್ ದಢ್ ಎನ್ನುತ್ತಿದ್ದ ನೆಲ ಅಲ್ಲಿ ಧಂ ಎಂದಿತು.

"ಅಯ್ಯೋ, ಅದ್ನ ತೆಗೀಬೇಡಿ ಕಣವ್ವ, ನೀರಿಳ್ದು ರಾಗಿ ಕೊಳ್ತೋಗೈತೆ ಒಳ್ಗೆ!" ಎಂದರು ಯಜಮಾನರು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡರು.

ನಾನು ಜೋರಾಗಿ ನಕ್ಕುಬಿಟ್ಟೆ. ಚಪ್ಪಡಿ ಸರಿಸಲು ಪೇದೆಗಳು ಬಂದರು. ಮೇಲಿನ ಮಣ್ಣು ಹೊಸದಾಗಿ ಮುಚ್ಚಿದ್ದು, ಇನ್ನೂ ಸಡಿಲವಾಗಿತ್ತು. ಬಾಯಿ ತೆರೆದ ಕೂಡಲೇ ಅದೇ ವಾಸನೆ ಮುಖಕ್ಕೆ ಬಡಿಯಿತು. ಸಬ್ ಇನ್ಸ್‌ಪೆಕ್ಟರ್ ಬಗ್ಗಿ ನೋಡಲು ಹೋದವರನ್ನು ತೋಳು ಹಿಡಿದು ಹಿಂದಕ್ಕೆಳೆದೆ. "ಸೀಮೆಎಣ್ಣೆ ಬುಡ್ಡಿ ತನ್ನಿ. ಒಂದು ಬಕೆಟ್ಟು, ಹಗ್ಗ."

ಬುಡ್ಡಿ ಹಚ್ಚಿ, ಬಕೆಟ್ಟಿನಲ್ಲಿ ಕೂರಿಸಿ ಇಳಿಬಿಟ್ಟೆ. ಕೆಂಪು ಬೆಳಕು ಮಣ್ಣಿನ ಗೋಡೆಯನ್ನು ತೋರಿಸುತ್ತ ಇಳಿಯಿತು. ಒಂದಾಳುದ್ದ ಹೋದ ಮೇಲೆ ಉರಿ ಚಿಕ್ಕದಾಯಿತು, ಇನ್ನೊಂಚೂರು ಇಳಿಸಿದಾಗ ಯಾರೋ ಬೆರಳಿಂದ ಹೊಸಕಿದಂತೆ ಆರಿಹೋಯಿತು.

"ಗಾಳಿಗೆ ಆರಿರ್ಬೇಕು ಮೇಡಂ."

"ಅಲ್ಲಿ ಗಾಳಿ ಎಲ್ಲಿಂದ ಬರ್ಬೇಕು? ನೀವೇ ಇಳಿಸಿ."

ಲಾಟೀನು ತರಿಸಿ ಗಾಜು ಹಾಕಿ ಅವರೇ ಇಳಿಸಿದರು. ಅಲ್ಲಿಗೇ ಹೋಗಿ ಆರಿತು. ಮತ್ತೆ ಹಚ್ಚಿ ಇಳಿಸಿದರು, ಮತ್ತೆ ಆರಿತು. ಆಗ ಅವರು ನನ್ನ ಮುಖ ನೋಡಿದ ರೀತಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು, ತಟ್ಟಿಯೂಬಿಟ್ಟೆ. "ನೋಡಿದ್ರಾ! ದೀಪಕ್ಕೇ ಉಸಿರಿಲ್ಲ ಅಂದ್ರೆ ಮನುಷ್ಯನಿಗೆ ಎಲ್ಲಿಂದ ಬರುತ್ತೆ?"

ಮೇಸ್ತ್ರಿಯ ಹಿಂದಿದ್ದ ಆಳೊಬ್ಬ ಅಲ್ಲೇ ಕುಸಿದು ಕೂತು ಅಳತೊಡಗಿದ. ಅವನು ಹೇಳಿದ ಮೇಲೆ ಉಳಿದವರೂ ಹೇಳಿದರು. ಹೆಂಗಸರು ಸಂತೆಗೆ ಹೋಗಿದ್ದಾಗ ಅಣ್ಣ ತಮ್ಮ ಸೇರಿ ಗುಡಿಸಲಿನ ಸುತ್ತ ಮಳೆನೀರಿಗೆ ಕಾಲುವೆ ತೆಗೆಯುತ್ತಿದ್ದರಂತೆ, ಹಾರೆಗೆ ಚಪ್ಪಡಿ ತಗುಲಿತಂತೆ. ಹಳೇಬೀಡಿನ ಸುತ್ತ ಚಹಾದಂಗಡಿಯಲ್ಲಿ ಒಂದು ಲೋಟ ಕುಡಿಯುವಷ್ಟರಲ್ಲಿ ರಾಜರ ನಿಧಿಯ ಕಥೆ ಎರಡಾದರೂ ಕಿವಿಗೆ ಬೀಳುತ್ತದೆ. ನಿಧಿಯೇ ಇರಬೇಕೆಂದು ಅಣ್ಣ ಇಳಿದ, ಮಾತು ನಿಂತಿತು. ಏನಾಯಿತೋ ಎಂದು ತಮ್ಮ ಹಾರಿಕೊಂಡ, ಅವನೂ ಮೇಲೆ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಒಬ್ಬ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಉಸಿರು ಹಿಡಿದು ಇಳಿದು, ಇಬ್ಬರಿಗೂ ಕುಣಿಕೆ ಹಾಕಿದ್ದ. ಎಳೆದುಕೊಂಡಾಗ ಜೀವವಿರಲಿಲ್ಲ.

"ಹಳೇಬೀಡಿನಾಗ ನಿಧಿ ಅಗದ್ರ ಎಲ್ಲಾರೂ ಜೇಲಿಗಿ ಹೊಕ್ಕೀರಿ ಅಂದ್ರಿ ಮೇಸ್ತ್ರಿ. ಉಂಡು ಮಲಗಿದ್ರು ಅಂತ ಹೇಳ್ರಿ ಅಂತ ಆಣಿ ಹಾಕಿಸಿದ್ರಿ," ಎಂದ ಆ ಆಳು. "ಅದು ಈ ತಂಗಿ ಮ್ಯಾಲ ಬರ್ತೈತಿ ಅಂತ ನಮಗ ತಿಳೀಲಿಲ್ರಿ."

ಮೇಸ್ತ್ರಿಗೆ ನಾನು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಇವರ ನಾಡಿನಲ್ಲೂ ಹಗೇವು ಇರುತ್ತದಲ್ಲ, ಒಬ್ಬರಿಗೂ ತಿಳಿಯಲಿಲ್ಲವೇ ಎಂದು ಆಳುಗಳ ಮೇಲೂ ಹರಿಹಾಯ್ದೆ. ಅದಕ್ಕೆ ಉತ್ತರ ಕೊಟ್ಟವಳು ಮುದುಕಿ. ಬೆಳಗ್ಗೆಯಿಂದ ಅವಳು ನನ್ನೊಡನೆ ತಾನಾಗಿ ಆಡಿದ ಮೊದಲ ಮಾತು. "ನಮ್ಮೂರಾಗ ಗೌಡರ ಮನ್ಯಾಗ ಇತ್ತವಾ. ಹೊಲಾ ಇದ್ದೋರಿಗಿ ಹಗೇವು. ಅದರ ಬಾಯಿ ಹೆಂಗಿರ್ತೈತಿ ಅಂತ ನಾವೇನು ನೋಡೀವಿ?"

ಸಬ್ ಇನ್ಸ್‌ಪೆಕ್ಟರ್ ಟೋಪಿ ತೆಗೆದು ಮಳೆನೀರು ಕೊಡವಿ, ಮಹಿಳಾ ಪೇದೆಗೆ ಕಣ್ಣಲ್ಲೇ ಸನ್ನೆ ಮಾಡಿದರು. ಅವಳು ಸೊಸೆಯ ತೋಳು ಬಿಟ್ಟಳು. ನನಗೆ ಗೆದ್ದ ಸಂಭ್ರಮ. ಆ ಹುಡುಗಿಯ ಹತ್ತಿರ ಓಡಿ ಅವಳ ಎರಡೂ ಕೈ ಹಿಡಿದುಕೊಂಡೆ. "ನಿನ್ನ ಅಡುಗೇಲಿ ಏನೂ ಇರ್ಲಿಲ್ಲ ಕಣಮ್ಮ, ನಾನೇ ಬರೆದುಕೊಡ್ತೀನಿ! ಅವರು ಅದನ್ನ ತಿಂದೇ ಇರ್ಲಿಲ್ಲ. ನನ್ನ ಕಣ್ಣಾರೆ ನೋಡಿದೀನಿ, ಇಬ್ರ ಹೊಟ್ಟೇಲೂ ಒಂದು ಚೂರೂ ಇರ್ಲಿಲ್ಲ!"

ಅವಳು ನನ್ನನ್ನೇ ನೋಡಿದಳು. ಅವಳ ಮುಖ ಅರಳುತ್ತದೆ ಎಂದು ನಾನು ಕಾಯುತ್ತಿದ್ದೆ.

"ಹಸಕೊಂಡು ಹ್ವಾದ್ರೇನ್ರಿ ಬಾಯಾರ?" ಎಂದಳು. "ಇಬ್ರೂ?"

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದವಳು ನೆಲಕ್ಕೆ ಕೂತು ಗೋಳೋ ಎಂದು ಅತ್ತಳು. ಬಿಸಿ ಮಾಡಿಟ್ಟು ಹೋಗಿದ್ದೆ, ಗಡಿಗೆಯ ಮೇಲೆ ತಾಟು ಮುಚ್ಚಿದ್ದೆ, ಬಂದು ಉಣ್ಣಬೇಕಿತ್ತಲ್ಲ ಎಂದು ಹೇಳಿ ಹೇಳಿ ಅತ್ತಳು. ನಾನು ಅವಳ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ನನ್ನ ಕಣ್ಣಲ್ಲೂ ನೀರು ಬಂತು.

ಮುದುಕಿ ದೂರದಲ್ಲಿ ನಿಂತು ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ ನಡೆದು, ನಮ್ಮಿಬ್ಬರನ್ನೂ ದಾಟಿ, ಗುಡಿಸಲಿನೊಳಗೆ ಹೋದಳು. ಮೂರು ಕಲ್ಲಿನ ಒಲೆಯ ಮುಂದೆ ಕೂತದ್ದು ಹೊರಗಿನಿಂದ ಕಾಣುತ್ತಿತ್ತು. ಜೋಳದ ಹಿಟ್ಟಿನ ಡಬ್ಬಿಯನ್ನು ಮುಂದಕ್ಕೆ ತಳ್ಳಿದಳು. ಬೆನ್ನು ನಮ್ಮ ಕಡೆಗೆ, ದನಿ ಒರಟು.

"ಏಳವಾ," ಎಂದಳು ಸೊಸೆಗೆ. "ಒಲಿ ಹಚ್ಚು. ನಂಗ ಹಸಿವಿ ಆಗೇತಿ."